ಪಿಎಫ್ ದುಡ್ಡನ್ನ ಹಳೇ ಗಾಡಿ ಮ್ಯೂಸಿಯಂಗೆ ಬರೆದಿಡಬಹುದಾ?

ಸುಂಕದಕಟ್ಟೆಯಿಂದ ಮಾತಾಡ್ತಿದ್ದೀನಿ. ಮಧ್ಯೆ ಮಾಗಡಿ ರಸ್ತೆ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಹೊಂದ್ಕೊಳ್ಳಿ.

ಇವತ್ತಿನ ಪ್ರಶ್ನೆ ನಮ್ಮ ಬೀದಿಯ ಅಂಕಲ್ ಒಬ್ಬರದ್ದು. ಪೀಣ್ಯದಲ್ಲಿ ಫಿಟ್ಟರ್, ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತಾರೆ. ಯೆಜ್ಡಿ ಅಂದ್ರೆ ಪ್ರಾಣ. "ನಾನು ಹೋದ್ಮೇಲೆ ನನ್ನ ಪಿಎಫ್ ದುಡ್ಡು ಹಳೇ ಗಾಡಿ ಉಳಿಸೋ ಟ್ರಸ್ಟಿಗೆ ಸೇರಬೇಕು. ನಾಮಿನಿ ಅಂತ ಟ್ರಸ್ಟ್ ಹೆಸರು ಹಾಕಿದ್ರೆ ಸಾಕಲ್ವೇನಪ್ಪಾ?" ಅಂದ್ರು.

ಆಸೆ ದೊಡ್ಡದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಗಾಡಿಗಳು ಇವತ್ತೂ ಓಡ್ತಿರೋದು ಮಾಲೀಕರು, ಮೆಕ್ಯಾನಿಕ್‌ಗಳ ಹಠದಿಂದ. ಹಳೇ ಕಾರುಗಳ ಸಂಗ್ರಹ ಧರ್ಮಸ್ಥಳದಲ್ಲಿದೆ, ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಇದೆ. ಕೊಯಮತ್ತೂರಿನ ಜೀಡೀ ಕಾರ್ ಮ್ಯೂಸಿಯಂ ನಡೆಸೋದು ಜಿ.ಡಿ. ನಾಯ್ಡು ಚಾರಿಟೀಸ್. ಗಾಡಿ ತಂದು ನಿಲ್ಲಿಸಿದ್ರೆ ಮುಗೀಲಿಲ್ಲ. ಟೈರು, ಆಯಿಲ್ಲು, ಬಿಡಿಭಾಗ, ಸಂಬಳ, ಖರ್ಚು ನಿಲ್ಲೋದೇ ಇಲ್ಲ.

ಆದ್ರೆ ಅಂಕಲ್ ಪ್ರಶ್ನೆಗೆ ಉತ್ತರ: ಸಾಕಾಗಲ್ಲ. ಅಮೆರಿಕದಲ್ಲಿ ಐಆರ್‌ಎ ಅನ್ನೋ ನಿವೃತ್ತಿ ಖಾತೆಗೆ ಸಂಸ್ಥೆಯ ಹೆಸರನ್ನೇ ಬರೆಯಬಹುದು. ನಮ್ಮಲ್ಲಿ 1952ರ ಇಪಿಎಫ್ ಸ್ಕೀಮ್ ಪ್ರಕಾರ, ಕುಟುಂಬ ಇರೋರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಹೊರಗಿನವರ ಹೆಸರು ಹಾಕಿದ್ರೆ ಆ ನಾಮಿನೇಷನ್ ಊರ್ಜಿತ ಆಗಲ್ಲ. ಒಡಹುಟ್ಟಿದವರೂ ಆ 'ಕುಟುಂಬ'ದ ಲೆಕ್ಕಕ್ಕೆ ಬರಲ್ಲ. ಅಂಕಲ್‌ಗೆ ಹೆಂಡತಿ ಇದ್ದಾರೆ, ಮಗಳಿದ್ದಾಳೆ. ಅಲ್ಲಿಗೆ ಆ ದಾರಿ ಮುಚ್ಚಿತು.

ಇನ್ನೊಂದು ದಾರಿ ಇದೆ. ರಿಟೈರ್ ಆಗಿ ಪಿಎಫ್ ತೆಗೆದು ಬ್ಯಾಂಕಿಗೆ ಹಾಕಿದ ಮೇಲೆ ಅದು ಸ್ವಯಾರ್ಜಿತ ದುಡ್ಡು. ಅದಕ್ಕೆ ಉಯಿಲು ಬರೀಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಕಡ್ಡಾಯವಾಗಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದು. ಟ್ರಸ್ಟಿನ ನೋಂದಾಯಿತ ಹೆಸರು, ಪ್ಯಾನ್ ನಂಬರ್, ಎಷ್ಟು ದುಡ್ಡು, ಯಾವ ಕೆಲಸಕ್ಕೆ ಅನ್ನೋದನ್ನ ಸ್ಪಷ್ಟವಾಗಿ ಬರೀರಿ. ಉಯಿಲು ಜಾರಿ ಮಾಡೋಕೆ ಒಬ್ಬರನ್ನ ನೇಮಿಸಿ. ಎಫ್‌ಡಿ ನಾಮಿನಿಗೆ ಬ್ಯಾಂಕ್ ದುಡ್ಡು ಕೊಡುತ್ತೆ, ನಿಜ. ಆದ್ರೆ ನಾಮಿನಿ ಅಂದ ಮಾತ್ರಕ್ಕೆ ಮಾಲೀಕರಲ್ಲ.

ಈಗ ಕಷ್ಟದ ಮಾತು. ಇಪಿಎಸ್‌ನಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅಂಕಲ್ ಇಲ್ಲದಾಗ ಆಂಟಿ ಬಾಡಿಗೆ, ಔಷಧಿಗೆ ಏನು ಮಾಡ್ತಾರೆ? ಅದಕ್ಕೆ ಪೂರ್ತಿ ದುಡ್ಡು ಬರೀಬೇಡಿ, ಒಂದು ಪಾಲು ಇಡಿ ಅಂದೆ. ಮೊದಲು ಆಂಟಿ ಹೆಸರಲ್ಲಿ ಅವರ ಜೀವನಕ್ಕಾಗುವಷ್ಟು, ಆಮೇಲೆ ಟ್ರಸ್ಟ್. ಈ ವಿಷಯ ಆಂಟಿಗೆ ವಕೀಲರಿಂದ ಗೊತ್ತಾಗಬಾರದು, ಅಂಕಲ್ ಬಾಯಿಂದಲೇ ಗೊತ್ತಾಗಬೇಕು.

ನಿಮ್ಮ ಪಿಎಫ್ ನಾಮಿನಿ ಯಾರು? ಇವತ್ತೇ ಇಪಿಎಫ್‌ಒ ಪೋರ್ಟಲ್‌ನಲ್ಲಿ ಒಂದ್ಸಲ ನೋಡಿ. ಮುಂದಿನ ವಾರ ಸಿಗೋಣ.