ಪೀಠ ಒಬ್ಬರಿಗೆ, ಬೀಗದಕೈ ಮತ್ತೊಬ್ಬರಿಗೆ

(ಬಾಳಗಡಿಯ ಸಭೆಯಲ್ಲಿ ಮಾಡಿದ ಭಾಷಣ)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪಟ್ಟಣ ಪಂಚಾಯಿತಿಗಳನ್ನು ನಾವೆಲ್ಲರೂ ಬಲ್ಲೆವು. ಯಾವ ಪಟ್ಟಣದಲ್ಲಾದರೂ ನಲ್ಲಿಯಲ್ಲಿ ನೀರು ಬಾರದಿದ್ದರೆ ಪುರವಾಸಿಯು ಅಧ್ಯಕ್ಷರನ್ನು ಕೇಳುವನು; ಸಭೆ ಒಪ್ಪಲಿಲ್ಲವೆಂದು ಅಧ್ಯಕ್ಷರು ಹೇಳುವರು; ಸದಸ್ಯರು ಅಧ್ಯಕ್ಷರತ್ತ ಬೆರಳು ತೋರುವರು. ಹಾಗಾದರೆ ಹೊಣೆ ಯಾರದು? ಇಂದು ನಾವು ವಿಚಾರಿಸತಕ್ಕ ಪ್ರಶ್ನೆಯಿದು.

1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಪ್ರಕಾರ ಸದಸ್ಯರೇ ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುವರು. ಅವಧಿ 30 ತಿಂಗಳು. ಅವಿಶ್ವಾಸ ನಿರ್ಣಯದಿಂದ ಇಳಿಸುವ ಅಧಿಕಾರವೂ ಸದಸ್ಯರಿಗುಂಟು. ಆದರೆ ಕಚೇರಿಯನ್ನು ದಿನದಿನವೂ ನಡೆಯಿಸತಕ್ಕ ಮುಖ್ಯಾಧಿಕಾರಿಯು ಸರ್ಕಾರದಿಂದ ನೇಮಕಗೊಂಡು ಸರ್ಕಾರದಿಂದಲೇ ವರ್ಗವಾಗುವನು. ಪೀಠಕ್ಕಾಗಿ ಇಬ್ಬರು ಸೆಣಸುತ್ತಿರಲು ಬೀಗದಕೈ ಮೂರನೆಯವನಲ್ಲಿರುವುದು!

ಮಹಾನಗರಗಳ ಪಾಡೂ ಇಂತಹುದೇ. 1976ರ ಕಾಯಿದೆಯು ಮೇಯರರಿಗೆ ಒಂದೇ ವರ್ಷದ ಅವಧಿಯನ್ನಿತ್ತು, ಕಾರ್ಯಭಾರವನ್ನು ಕಮಿಷನರರಿಗೆ ಒಪ್ಪಿಸಿತು. ಲೆಕ್ಕಪತ್ರಗಳ ಮರ್ಮ ತಿಳಿಯುವಷ್ಟರಲ್ಲಿ ಮೇಯರಗಿರಿಯೇ ತೀರುವುದು. 2018ರಲ್ಲಿ ಆರಿಸಿಬಂದ ಅನೇಕ ನಗರಸಭೆ, ಪುರಸಭೆಗಳ ಸದಸ್ಯರು ಅಧ್ಯಕ್ಷಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರವರೆಗೂ ಅಧ್ಯಕ್ಷರಿಲ್ಲದೆ ಇರಬೇಕಾಯಿತು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆಯೇ ನಡೆಯಿತು.

ಲಂಡನ್ನಿನಲ್ಲಿ 2000ದಿಂದ ಮೇಯರರನ್ನು ಜನರೇ ನೇರಾಗಿ ಆರಿಸುವರು. ಆಯವ್ಯಯವನ್ನು ಮೇಯರರು ರಚಿಸುವರು. ಸಭೆಯು ಅದನ್ನು ಪರೀಕ್ಷಿಸಿ, ಮೂರರಲ್ಲೆರಡು ಪಾಲು ಮತದಿಂದ ತಿದ್ದಬಲ್ಲುದು. ಒಬ್ಬರಿಗೆ ಕಾರ್ಯ, ಇನ್ನೊಬ್ಬರಿಗೆ ಕಾವಲು. ಆ ಪದ್ಧತಿಯನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾವೆನ್ನುವುದಿಲ್ಲ. ಮಲೆನಾಡಿನ ಸಣ್ಣ ಪಟ್ಟಣದಲ್ಲಿ ಒಬ್ಬನ ಕೈಯೇ ಮೇಲಾದರೆ ಊರೆಲ್ಲ ಅವನ ತೋಟವಾದೀತು. ಆದರೆ ಅಲ್ಲಿಯ ವಿಭಾಗತತ್ತ್ವವು ಗ್ರಾಹ್ಯವಾದುದು.

ತೆರಿಗೆಯೆಷ್ಟು, ವೆಚ್ಚವೆಷ್ಟು ಎಂಬುದನ್ನು ಸಭೆಯು ನಿರ್ಣಯಿಸಲಿ. ನಿರ್ಣಯವನ್ನು ನೆರವೇರಿಸುವ ಹೊಣೆ ಅಧ್ಯಕ್ಷರಿಗಿರಲಿ. ಅದಕ್ಕೊಪ್ಪುವಂತೆ ಐದು ವರ್ಷಗಳ ಅವಧಿಯೂ ಇರಲಿ. ಮುಖ್ಯಾಧಿಕಾರಿಯು ಅವರಿಗೆ ಉತ್ತರವಾದಿಯಾಗಲಿ. ಅವಧಿ ಬೆಳೆದರೆ ಮೀಸಲಾತಿಯ ಸರದಿ ತಡವಾಗುವುದೆಂಬ ಆಕ್ಷೇಪವುಂಟು. ಅದು ತಳ್ಳಿಹಾಕತಕ್ಕುದಲ್ಲ, ಆದರೆ ಅಧಿಕಾರವಿಲ್ಲದ ಪೀಠವು ಬೇಗನೆ ದೊರೆತರೂ ಫಲವೇನು?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪುರಸಭೆಗಳನ್ನು ಸ್ವಯಮಾಡಳಿತದ ಸಂಸ್ಥೆಗಳೆಂದು ಕರೆಯಿತು. ಹೆಸರು ಬಂದಿತು, ಅಧಿಕಾರವು ಬರಬೇಕಾಗಿದೆ. ಕಾಯಿದೆಯನ್ನು ತಿದ್ದತಕ್ಕವರು ವಿಧಾನಮಂಡಲದವರು. ಆದುದರಿಂದ ಶಾಸಕರಾಗಬಯಸಿ ಮತ ಬೇಡಬಂದವರನ್ನು ನೀವು ಮೊದಲು ಕೇಳತಕ್ಕ ಮಾತಿದು: ನಮ್ಮ ಪಟ್ಟಣದ ಬೀಗದಕೈಯನ್ನು ನಮ್ಮವರಿಗೆ ಎಂದು ಕೊಡಿಸುವಿರಿ?