ಮಷಿನ್ ಬಂತು, ಮುಟ್ಟೂದು ಯಾವಾಗ?

ಕುಲಗೋಡ ಅಂದ್ರ ಶ್ರೀಕೃಷ್ಣ ಪಾರಿಜಾತ ನೆನಪಾಗ್ತದ. ಹಾಡು ಬಾಯಿಪಾಠ ಬಂದ್ರೂ, ಒಮ್ಮೆನೂ ಬಣ್ಣ ಹಚ್ಚಿ ನಿಲ್ಲದವ್ರು ಕಲಾವಿದರಾಗೂದಿಲ್ಲ. ಇವತ್ತಿನ ಮಾತು ಕೆಮಿಸ್ಟ್ರಿ ಲ್ಯಾಬಿಂದು, ಆದ್ರ ಪ್ರಶ್ನೆ ಇದೇ.

ವಸ್ತುವಿನ ಮೇಲೆ ಬೆಳಕು ಹಾಯಿಸಿ, ಯಾವ ಬೆಳಕನ್ನು ಎಷ್ಟು ಹೀರಿಕೊಂಡಿತು ಎಂದು ನೋಡಿ ಒಳಗೇನಿದೆ ಎಂದು ತಿಳಿಯುವುದೇ ಸ್ಪೆಕ್ಟ್ರೋಸ್ಕೋಪಿ. ಪರೀಕ್ಷೆಯಲ್ಲಿ ಗ್ರಾಫ್ ಕೊಟ್ಟು ಅಣುವಿನ ರಚನೆ ಬರೀರಿ ಅಂತಾರ. ಎಷ್ಟೋ ಹುಡುಗ್ರು ಬರೀತಾರ, ಮಷಿನ್ ಮಾತ್ರ ಮುಟ್ಟಿರೂದಿಲ್ಲ. ಮುಂದೆ ಔಷಧ ಕಂಪನಿಯ ಇಂಟರ್‌ವ್ಯೂದಾಗ "ನಡೆಸಿ ಗೊತ್ತೈತೇನು?" ಅಂದ್ರ ಸುಮ್ಮನಾಗ್ತಾರ.

ನಾನು ಬಿ.ಕಾಂ. ಓದಿದವ, ಲೆಕ್ಕದಿಂದ ನೋಡ್ತೀನಿ. ಖರೀದಿ ಒಂದು ದಿನದ್ದು, ನಿರ್ವಹಣೆ ವರ್ಷಾನುಗಟ್ಟಲೆ. ದೊಡ್ಡ ಎನ್‌ಎಂಆರ್ ಯಂತ್ರದ ಅಯಸ್ಕಾಂತ ಸುಮಾರು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಯಾರೂ ಬಳಸದಿದ್ದರೂ ಹೀಲಿಯಂ ಆವಿಯಾಗುತ್ತದೆ, ಮತ್ತೆ ತುಂಬಿಸಬೇಕು. ಎಮ್ಮಿ ಹಾಲು ಕೊಡ್ಲಿ ಬಿಡ್ಲಿ, ಮೇವು ಹಾಕಲೇಬೇಕಲ್ಲ!

ಅದಕ್ಕೇ ಸಂಶೋಧನೆಗೆ ದೊಡ್ಡ ಯಂತ್ರಗಳನ್ನು ಹಂಚಿಕೊಂಡು ಬಳಸುವುದು ಲೇಸು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ ಕೇಂದ್ರಕ್ಕೆ ಹೊರಗಿನವರೂ ಶುಲ್ಕ ಕಟ್ಟಿ ಸ್ಯಾಂಪಲ್ ಕಳಿಸಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್‌ನಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಬುಕ್ ಮಾಡಬಹುದು.

ಕಲಿಕೆಯ ಮಾತು ಬೇರೆ. ಸ್ಯಾಂಪಲ್ ಕಳಿಸಿ ಗ್ರಾಫ್ ತರಿಸಿಕೊಂಡರೆ ಕೈಗೆ ಕೆಲಸ ಬರೂದಿಲ್ಲ. ಇಲ್ಲಿ ಸಣ್ಣ ಅಪ್‌ಗ್ರೇಡ್ ಸಾಕು. ಐಆರ್ ಯಂತ್ರದಲ್ಲಿ ಹಳೇ ಪದ್ಧತಿಯಂತೆ ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು, ಒತ್ತಿ ಬಿಲ್ಲೆ ಮಾಡಬೇಕು. ಮಳೆಗಾಲದಲ್ಲಿ ಅದು ತೇವ ಹಿಡಿಯುತ್ತದೆ. ಅದೇ ಯಂತ್ರಕ್ಕೆ ಎಟಿಆರ್ ಎಂಬ ಭಾಗ ಜೋಡಿಸಿದರೆ, ಚಿಟಿಕೆ ಪುಡಿಯನ್ನು ಹರಳಿನ ಮೇಲಿಟ್ಟು ಒತ್ತಿದರಾಯ್ತು. ಕೆಲವೇ ನಿಮಿಷದಲ್ಲಿ ಗ್ರಾಫ್. ಇಡೀ ಬ್ಯಾಚ್ ಒಬ್ಬೊಬ್ಬರಾಗಿ ಮಾಡಬಹುದು. ಮೇಜಿನ ಮೇಲಿಡುವ, ಹೀಲಿಯಂ ಬೇಡದ ಸಣ್ಣ ಎನ್‌ಎಂಆರ್ ಕೂಡ ಈಗ ಸಿಗುತ್ತದೆ.

ನಮ್ಮ ಕಡೆಯ ಕಾಲೇಜುಗಳು ಸೇರಿರೋ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಹುಟ್ಟಿದ್ದು. ಇಂಥ ಹೊಸ ವಿಶ್ವವಿದ್ಯಾಲಯಗಳು ಅನುದಾನ ಕೇಳುವಾಗ ಮೂರು ಸಾಲು ಬರೀಲಿ: ಯಂತ್ರದ ಬೆಲೆ, ಐದು ವರ್ಷದ ನಿರ್ವಹಣೆ, ವಾರಕ್ಕೆ ವಿದ್ಯಾರ್ಥಿಗಳು ನಡೆಸೋ ತಾಸುಗಳು. ಮೂರನೇ ಸಾಲು ಖಾಲಿ ಇದ್ರ, ಅದು ಅಪ್‌ಗ್ರೇಡ್ ಅಲ್ಲ, ಉದ್ಘಾಟನೆ ಅಷ್ಟೇ.

ನಿಮ್ಮ ಕಾಲೇಜಿನ ಮಷಿನ್ ನೀವು ಮುಟ್ಟೀರೇನು? ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ.