ಹಸಲರ ಕೇರಿಗೆ ಸುತ್ತುದಾರಿ

ಆಸ್ಟ್ರೇಲಿಯದ ಮೂಲನಿವಾಸಿಗಳ ಚರಿತ್ರೆ, ಸಂಸ್ಕೃತಿಗಳ ವ್ಯಾಸಂಗಕ್ಕೆಂದು ನಾನು ಅಲ್ಲಿಯ ವಿಶ್ವವಿದ್ಯಾನಿಲಯವೊಂದರಲ್ಲಿ ಅರ್ಧ ವರ್ಷ ಕಳೆದೆ. ಬಿಳಿಯರು ಬಂದಿಳಿದಾಗ ಆ ನೆಲ ಯಾರಿಗೂ ಸೇರಿರಲಿಲ್ಲವೆಂದೇ ಅಲ್ಲಿಯ ಕಾನೂನು ಬಗೆದಿತ್ತು. ಟಾರೆಸ್ ಜಲಸಂಧಿಯ ದ್ವೀಪವಾಸಿ ಎಡ್ಡಿ ಮಾಬೊ ಮತ್ತಿತರರು ಹೂಡಿದ ವ್ಯಾಜ್ಯದಲ್ಲಿ, 1992ರಲ್ಲಿ, ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಈ ಪಾಠ ನಡೆದ ದಿನ ಸಹಪಾಠಿಯೊಬ್ಬಳು, "ನಿಮ್ಮೂರಿನ ಮೂಲದವರು ಯಾರು?" ಎಂದಳು. ತೀರ್ಥಹಳ್ಳಿ ಸೀಮೆಯ ಅಡಕೆ ತೋಟದಲ್ಲಿ ಬೆಳೆದ ನಾನು ನಿರುತ್ತರನಾದೆ.

ಹಸಲರು ನಮ್ಮ ತೋಟದ ಕೆಲಸಕ್ಕೆ ದಿನವೂ ಬರುತ್ತಿದ್ದರು. ಅವರ ಕೇರಿಗೆ ನಾನು ಒಮ್ಮೆಯೂ ಹೋದವನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನಲ್ಲಿ ನೆಲೆಸಿದ ಈ ಪರಿಶಿಷ್ಟ ಪಂಗಡದವರನ್ನು ಕುರಿತು ಮೊದಲು ಓದಿದ್ದೂ ಪರದೇಶದಲ್ಲಿಯೇ, 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳಲ್ಲಿ. ಗಿಡ್ಡ ಮೈಕಟ್ಟು, ಗುಂಗುರು ಕೂದಲು, ಮರ ಕಡಿಯುವ ಕಸಬು, ಕಾಡೇಲಕ್ಕಿಯ ಸಂಗ್ರಹ. ಕೂದಲಿನ ವಿಚಾರ ತಿಳಿಯಲು ನನಗೆ ಪುಸ್ತಕ ಬೇಕಿತ್ತೆ!

ಊರಿಗೆ ಮರಳಿದ ಮೇಲೆ ಹೊಸನಗರದ ಕಡೆಯ, ಎಪ್ಪತ್ತು ದಾಟಿದ ಹಸಲರ ಹೆಂಗಸೊಬ್ಬರನ್ನು ಕಾಣಹೋದೆ. ಹಾಡು, ಕಥೆ ಏನಾದರೂ ಸಿಕ್ಕೀತೆಂದು ಪುಸ್ತಕ ತೆರೆದು ಕುಳಿತೆ. ಆಕೆ ಶರಾವತಿಯ ಹಿನ್ನೀರಿನತ್ತ ಕೈ ತೋರಿದರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ, ಪಟ್ಟೆಯಿದ್ದ ಒಡೆಯರಿಗೆ ಪರಿಹಾರ ಬಂದಿತಂತೆ. ಇವರ ಬಿಡಾರ ಯಾವ ಕಾಗದದಲ್ಲಿಯೂ ಇರಲಿಲ್ಲ.

"ನಾವು ಅಲ್ಲಿದ್ದೆವು ಅಂತ ಯಾರು ಹೇಳಬೇಕು?" ಎಂದರು.

ಮಾಬೊ ತೀರ್ಪಿನ ಪುಟಗಳನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಅರ್ಥವಾದದ್ದು ಆ ಜಗಲಿಯಲ್ಲಿ. ಮುಳುಗಿದ ಜಾಗಗಳ ಹೆಸರನ್ನಾದರೂ ಹೇಳಿ ಎಂದೆ. ಹಳ್ಳ, ದಿಬ್ಬ, ಭೂತನ ಬನ, ಹಲಸಿನ ಮರದಡಿ ಎಂದು ಒಂದೊಂದಾಗಿ ಹೇಳತೊಡಗಿದರು. ಹನ್ನೊಂದನೆಯದನ್ನು ಬರೆದುಕೊಳ್ಳುವಾಗ ಕತ್ತಲಾಗಿತ್ತು. ನಾಳೆ ಬೆಳಿಗ್ಗೆ ಬನ್ನಿ, ಇನ್ನೂ ಇವೆ ಎಂದರು.